ಬಳ್ಳಾರಿ ಬಿಸಿಲಿಗೆ ಒಂದು ಗೇಮಿಂಗ್ ಪಿಸಿ

ಒಂದು ಕ್ಯಾಬಿನೆಟ್ ಬಿಚ್ಚಿದರೆ ಸಾಕು, ಅದು ಯಾವ ಕಡೆಯಿಂದ ಬಂದದ್ದು ಅಂತ ನಾನು ಹೇಳಬಲ್ಲೆ. ಒಳಗೆ ಕೆಂಪು ಧೂಳು ಕೂತಿದ್ದರೆ ಸಂಡೂರು, ತೋರಣಗಲ್ಲು ದಾರಿಯದು. ಬೂದಿ ಬಣ್ಣದ ನುಣುಪು ಧೂಳಾದರೆ ಕುಡತಿನಿ ಕಡೆಯದು. ಫ್ಯಾನಿನ ರೆಕ್ಕೆಗೆ ನೀಲಿ ಅರಳೆ ಸುತ್ತಿಕೊಂಡಿದ್ದರೆ ಕೇಳುವುದೇ ಬೇಡ, ಮನೆಯಲ್ಲೇ ಜೀನ್ಸ್ ಹೊಲಿಯುವವರದ್ದು. ಹದಿನಾರು ವರ್ಷದಿಂದ ಪಿಸಿ ಕಟ್ಟುವ, ರಿಪೇರಿ ಮಾಡುವ ಇದೇ ಕೆಲಸ ಮಾಡಿ ಬಂದ ಜ್ಯೋತಿಷ್ಯ ಇದು.

ಈ ಮಾತಿನಿಂದ ಯಾಕೆ ಶುರು ಮಾಡಿದೆ ಅಂದರೆ, ಇಲ್ಲಿ ಕೂತಿರುವ ನಿಮ್ಮಲ್ಲಿ ಬಹಳ ಜನರ ಫೋನಿನಲ್ಲಿ ಈಗಾಗಲೇ ಒಂದು ಪಟ್ಟಿ ಇರುತ್ತದೆ. ಯಾವುದೋ ವಿಡಿಯೋ ನೋಡಿ ಬರೆದುಕೊಂಡದ್ದು. ಈ ಪ್ರೊಸೆಸರ್, ಈ ಕಾರ್ಡ್, ಈ ಕ್ಯಾಬಿನೆಟ್, ಒಳಗೆ ಏಳು ಬಣ್ಣದ ಲೈಟು. ಪಟ್ಟಿ ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ಆ ವಿಡಿಯೋ ಮಾಡಿದವನ ರೂಮಿನಲ್ಲಿ 22 ಡಿಗ್ರಿ ಇರುತ್ತದೆ. ಅವನ ಗೋಡೆಯ ಪ್ಲಗ್ಗಿಗೆ ಅರ್ಥಿಂಗ್ ಇರುತ್ತದೆ, ಕರೆಂಟು ವರ್ಷಕ್ಕೊಮ್ಮೆ ಹೋದರೆ ಅವನಿಗೆ ಅದೇ ಸುದ್ದಿ. ನಿಮ್ಮ ಟಾರಸಿ ಮೇಲಿನ ರೂಮಿನಲ್ಲಿ ಏಪ್ರಿಲ್ ಮಧ್ಯಾಹ್ನ 40 ದಾಟಿರುತ್ತದೆ. ಹಾಗಾಗಿ ಅವನು ಬರೆಯದೇ ಬಿಟ್ಟ ಮೂರು ಭಾಗಗಳನ್ನು ನಿಮ್ಮ ಪಟ್ಟಿಗೆ ನಾನು ಸೇರಿಸಬೇಕು: ಬಿಸಿಲು, ಧೂಳು, ಕರೆಂಟು. ಇವನ್ನು ಅಂಗಡಿಯಲ್ಲಿ ಯಾರೂ ಮಾರುವುದಿಲ್ಲ, ಆದರೆ ನಮ್ಮೂರಿನ ಪ್ರತಿ ಮಷೀನಿನ ಒಳಗೂ ಇವು ಇದ್ದೇ ಇರುತ್ತವೆ.

ಮೊದಲು ಆಯ್ಕೆಯ ಮಾತು. ನನ್ನ ಹತ್ತಿರ ಯಾರೇ ಬಂದರೂ ಪ್ರೊಸೆಸರ್ ಯಾವುದು ಬೇಕು ಅಂತ ನಾನು ಕೇಳುವುದಿಲ್ಲ. ಯಾವ ಆಟ ಆಡುತ್ತೀರಿ, ಯಾವ ಪರದೆ ಮೇಲೆ ಆಡುತ್ತೀರಿ, ಈ ಎರಡೇ. "ಅಣ್ಣಾ, ಮಾನಿಟರ್ ಆಮ್ಯಾಲೆ ನೋಡೋಣ, ಮೊದ್ಲು ಸಿಪಿಯು ಮಾಡಿಕೊಡು" ಅನ್ನುತ್ತಾರೆ. ಸಿಪಿಯು ಅಂದರೆ ಅವರ ಲೆಕ್ಕದಲ್ಲಿ ಇಡೀ ಡಬ್ಬಿ, ನಿಜಕ್ಕೂ ಅದು ಪ್ರೊಸೆಸರಿನ ಹೆಸರು. ಇರಲಿ, ನಮ್ಮಪ್ಪನೂ ಹಾಗೇ ಅನ್ನುತ್ತಿದ್ದರು. ಆದರೆ ಮಾನಿಟರ್ ಗೊತ್ತಿಲ್ಲದೆ ಡಬ್ಬಿ ಕಟ್ಟುವುದು ಅಂದರೆ ಅಳತೆ ತೆಗೆದುಕೊಳ್ಳದೆ ಪ್ಯಾಂಟ್ ಹೊಲಿದ ಹಾಗೆ.

ಪ್ಯಾಂಟಿನ ಮಾತು ಬಂತು, ನಿಮಗೆಲ್ಲ ಗೊತ್ತಿರುವ ಜೀನ್ಸ್ ಯೂನಿಟ್ಟನ್ನೇ ತೆಗೆದುಕೊಳ್ಳಿ. ಕಟಿಂಗ್ ಮಾಸ್ಟರ್ ಬಟ್ಟೆ ಕತ್ತರಿಸಿ ಕೊಡುತ್ತಾನೆ. ಹೊಲಿಯುವವರು ಹೊಲಿಯುತ್ತಾರೆ. ಕೊನೆಗೆ ಟೆಂಪೋದಲ್ಲಿ ಮಾಲು ಹೊರಗೆ ಹೋಗುತ್ತದೆ. ಗೇಮಿಂಗ್ ಪಿಸಿಯೂ ಇಷ್ಟೇ. ಪ್ರೊಸೆಸರ್ ಕಟಿಂಗ್ ಮಾಸ್ಟರ್: ಯಾವ ಆಟಗಾರ ಎಲ್ಲಿ ನಿಂತಿದ್ದಾನೆ, ಗುಂಡು ಯಾರಿಗೆ ತಗುಲಿತು, ಬಾಗಿಲು ತೆರೆದಿದೆಯೋ ಮುಚ್ಚಿದೆಯೋ, ಈ ಲೆಕ್ಕವೆಲ್ಲ ಅವನದು. ಗ್ರಾಫಿಕ್ಸ್ ಕಾರ್ಡ್ ಹೊಲಿಯುವವರ ಸಾಲು: ಆ ಲೆಕ್ಕವನ್ನು ಹಿಡಿದು ಪ್ರತಿ ಚಿತ್ರವನ್ನೂ ಬಣ್ಣ, ನೆರಳು, ಬೆಳಕಿನ ಸಮೇತ ತಯಾರು ಮಾಡುತ್ತದೆ. ಒಂದೊಂದು ಚಿತ್ರವೂ ಒಂದು ಪೀಸು. ಮಾನಿಟರ್ ಟೆಂಪೋ. 60 ಹರ್ಟ್ಸ್ ಮಾನಿಟರ್ ಅಂದರೆ ಸೆಕೆಂಡಿಗೆ 60 ಪೀಸು ಮಾತ್ರ ಒಯ್ಯುವ ಟೆಂಪೋ. ಒಳಗೆ 200 ತಯಾರಾದರೂ ಕಣ್ಣಿಗೆ ಮುಟ್ಟುವುದು 60. 144 ಹರ್ಟ್ಸ್ ಆದರೆ ಒಂದು ಚಿತ್ರದಿಂದ ಇನ್ನೊಂದಕ್ಕೆ ಸುಮಾರು 7 ಮಿಲಿಸೆಕೆಂಡು, 60 ಹರ್ಟ್ಸ್‌ಗೆ ಹೆಚ್ಚುಕಡಿಮೆ 17. ವ್ಯಾಲರಂಟ್, ಕೌಂಟರ್ ಸ್ಟ್ರೈಕ್‌ನಂಥ ಶೂಟಿಂಗ್ ಆಟ ಆಡುವವರಿಗೆ ಈ 10 ಮಿಲಿಸೆಕೆಂಡಿನ ಬೆಲೆ ಗೊತ್ತು.

ಈಗ ಇದೇ ಯೂನಿಟ್‌ನಲ್ಲಿ ಒಂದು ಸೂಕ್ಷ್ಮ ಇದೆ. 1080ಪಿ ಪರದೆಯಲ್ಲಿ ಸುಮಾರು 20 ಲಕ್ಷ ಚುಕ್ಕಿಗಳಿರುತ್ತವೆ. 1440ಪಿಯಲ್ಲಿ 37 ಲಕ್ಷ, 4ಕೆ ಪರದೆಯಲ್ಲಿ 83 ಲಕ್ಷ. ಪರದೆ ದೊಡ್ಡದಾದ ಹಾಗೆ ಹೊಲಿಗೆ ಜಾಸ್ತಿಯಾಯಿತು, 4ಕೆಗೆ ನಾಲ್ಕು ಪಟ್ಟು. ಆದರೆ ಕಟಿಂಗ್ ಅಷ್ಟೇ ಇದೆ. ಗುಂಡು ತಗುಲಿತೋ ಇಲ್ಲವೋ ಅನ್ನುವ ಲೆಕ್ಕ ಪರದೆ ದೊಡ್ಡದಾದರೆ ಬದಲಾಗುವುದಿಲ್ಲವಲ್ಲ! ಹಾಗಾಗಿ ದೊಡ್ಡ ಪರದೆ, ಕಥೆಯುಳ್ಳ ಭಾರೀ ಆಟಗಳು ಅಂದರೆ ದುಡ್ಡು ಕಾರ್ಡಿಗೆ ಹೋಗಬೇಕು. 1080ಪಿಯಲ್ಲಿ, ಸೆಕೆಂಡಿಗೆ 200 ಚಿತ್ರ ಬೇಕು ಅನ್ನುವ ಶೂಟಿಂಗ್ ಆಟ ಅಂದರೆ ಹೊಲಿಗೆ ಹಗುರ, ಕಟಿಂಗ್ ಮಾಸ್ಟರ್ ಚುರುಕಾಗಿರಬೇಕು, ದುಡ್ಡು ಪ್ರೊಸೆಸರಿಗೆ. ಯಾವುದು ನಿಧಾನವೋ ಇಡೀ ಯೂನಿಟ್ ಅದರ ವೇಗಕ್ಕೇ ಬರುತ್ತದೆ. ಐವತ್ತು ಜನ ಟೇಲರುಗಳನ್ನು ಕೂರಿಸಿ ಒಬ್ಬ ಮುದುಕ ಮಾಸ್ಟರ್ ಕೈಗೆ ಕತ್ತರಿ ಕೊಟ್ಟರೆ ಐವತ್ತು ಜನಕ್ಕೂ ಚಹಾ ಕುಡಿಯುವುದೇ ಕೆಲಸ.

ಪ್ರೊಸೆಸರ್ ವಿಷಯದಲ್ಲಿ ನಮ್ಮ ಕಡೆ ನಡೆಯುವ ಒಂದು ಮೋಸವನ್ನು ಹೇಳಲೇಬೇಕು. ಆನ್‌ಲೈನಿನಲ್ಲಿ ಒಂದು ಜಾಹೀರಾತು ಬರುತ್ತದೆ: "ಐ7 ಗೇಮಿಂಗ್ ಪಿಸಿ, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್, ಆರ್‌ಜಿಬಿ ಕ್ಯಾಬಿನೆಟ್." ಬೆಲೆ ನೋಡಿದರೆ ಒಂದು ಫೋನಿನಷ್ಟು. ಹೋದ ವರ್ಷ ಒಬ್ಬ ತಾಯಿ ಮಗನನ್ನು ಕರೆದುಕೊಂಡು, ಹಾಗೆ ತರಿಸಿದ ಡಬ್ಬಿಯನ್ನು ಆಟೋದಲ್ಲಿ ಹಾಕಿಕೊಂಡು ಬಂದರು. "ಅಂಗಡಿಯವ್ರು ಐ7 ಅಂದಿದ್ರುರಿ, ಇದು ಆಟ ಹಚ್ಚಿದ್ರ ನಿಂತ್ ನಿಂತ್ ಓಡ್ತೈತಿ." ಬಿಚ್ಚಿ ನೋಡಿದರೆ ಐ7 ಸುಳ್ಳಲ್ಲ. ಐ7-3770. ಅದು ಬಂದದ್ದು 2012ರಲ್ಲಿ. ಆ ಹುಡುಗ ಆಗ ಇನ್ನೂ ಅಂಗನವಾಡಿ ಮೆಟ್ಟಿಲು ಹತ್ತಿರಲಿಲ್ಲ. 4 ಜಿಬಿ ಗ್ರಾಫಿಕ್ಸ್ ಅನ್ನುವುದೂ ಸುಳ್ಳಲ್ಲ, ಜಿಟಿ 730 ಅನ್ನುವ ದುರ್ಬಲ ಕಾರ್ಡಿಗೆ ನಿಧಾನದ ಡಿಡಿಆರ್3 ಮೆಮೊರಿ ಹಚ್ಚಿದ್ದರು, ಎತ್ತಿನ ಗಾಡಿಗೆ ಲಾರಿ ಟ್ಯಾಂಕ್ ಕೂರಿಸಿದ ಹಾಗೆ. ಜಾಹೀರಾತಿನ ಪ್ರತಿ ಶಬ್ದವೂ ನಿಜ, ಒಟ್ಟು ಮಾತ್ರ ಮೋಸ.

ಅದಕ್ಕೇ ಇಂಟೆಲ್ ಕಂಪನಿಯ ಪ್ರೊಸೆಸರಿನಲ್ಲಿ ಐ5, ಐ7 ಅನ್ನುವ ಹೆಸರು ನೋಡಬೇಡಿ, ಅದರ ಮುಂದಿನ ಅಂಕಿ ನೋಡಿ. 3770 ಅಂದರೆ ಮೂರನೇ ತಲೆಮಾರು. 12100 ಅಂದರೆ ಹನ್ನೆರಡನೆಯದು. ಎರಡರಲ್ಲೂ ನಾಲ್ಕು ಕೋರ್, ಎಂಟು ಥ್ರೆಡ್. ಆದರೂ 2022ರ ಐ3 ಆ 2012ರ ಐ7ನ್ನು ಹಿಂದೆ ಹಾಕಿ ಹೋಗುತ್ತದೆ. ಇನ್ನೊಂದು ಕಾರಣವೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರು ಅಥವಾ ಮೇಲಿನದು ಬೇಕು, ಟಿಪಿಎಂ 2.0 ಅನ್ನುವ ಭದ್ರತಾ ವ್ಯವಸ್ಥೆ ಬೇಕು. ವಿಂಡೋಸ್ 11ರಲ್ಲಿ ವ್ಯಾಲರಂಟ್ ಓಡಬೇಕಾದರೆ ಟಿಪಿಎಂ, ಮಷೀನು ಶುರುವಾಗುವಾಗ ಕಾವಲು ಕಾಯುವ ಸೆಕ್ಯೂರ್ ಬೂಟ್, ಎರಡೂ ಚಾಲೂ ಇರಬೇಕು. ಆ ತಾಯಿಯ ಮಗ ಆಡುತ್ತಿದ್ದದ್ದು ಅದನ್ನೇ.

ಅಂಕಿಯ ಕೊನೆಯ ಅಕ್ಷರವನ್ನೂ ಓದಿ. 12400ಎಫ್ ಅಂತ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಇಲ್ಲದೆ ಪರದೆ ಬರುವುದಿಲ್ಲ. ವಿಡಿಯೋದವರೆಲ್ಲ ಎಫ್ ತಗೊಳ್ಳಿ, ದುಡ್ಡು ಉಳಿಯುತ್ತದೆ ಅನ್ನುತ್ತಾರೆ. ಬಳ್ಳಾರಿಯಲ್ಲಿ ಕೂತು ನಾನು ಹಾಗೆ ಹೇಳುವುದಿಲ್ಲ. ವಾರಂಟಿಯಲ್ಲಿ ಒಂದು ಕಾರ್ಡ್ ಕೆಟ್ಟರೆ ಅದು ಕೊರಿಯರ್ ಹತ್ತಿ ಬೆಂಗಳೂರಿಗೋ ಹೈದರಾಬಾದಿಗೋ ಹೋಗಬೇಕು, ಬರುವುದಕ್ಕೆ ವಾರಗಳು ಹಿಡಿಯುತ್ತವೆ. ಅಷ್ಟೂ ದಿನ ಎಫ್ ಇರುವ ಮಷೀನು ಮೂಲೆಯಲ್ಲಿ ಕೂತಿರುತ್ತದೆ. ಎಫ್ ಇಲ್ಲದ್ದು ಇದ್ದರೆ ಆಟ ಇಲ್ಲದಿದ್ದರೂ ಪ್ರಾಜೆಕ್ಟ್ ರಿಪೋರ್ಟ್ ಆದರೂ ಟೈಪ್ ಮಾಡಬಹುದು. ಕಾರ್ಡ್ ತೊಂದರೆ ಕೊಡುತ್ತಿದೆಯೋ ಬೇರೆ ಏನಾದರೂ ಇದೆಯೋ ಅಂತ ಪತ್ತೆ ಮಾಡುವುದಕ್ಕೂ ಅದು ಬೇಕು. ಇಂಟೆಲ್‌ನ ಎದುರಾಳಿ ಎಎಂಡಿಯಲ್ಲಿ ರೈಜನ್ 7000ದ ಬಹುತೇಕ ಪ್ರೊಸೆಸರುಗಳಲ್ಲಿ ಪರದೆ ಕಾಣುವಷ್ಟು ಗ್ರಾಫಿಕ್ಸ್ ಒಳಗೇ ಇದೆ. ಹಳೆಯ 5600ರಲ್ಲಿ ಇಲ್ಲ, 5600ಜಿಯಲ್ಲಿ ಇದೆ.

ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪ್ರೊಸೆಸರ್ ಕೂರುವ ಸಾಕೆಟ್ ಯಾವುದು ಅಂತ ನೋಡಿ. ಎಎಂಡಿಯ ಎಎಂ4 ಸಾಕೆಟ್ಟಿನಲ್ಲಿ ರೈಜನ್ 5000 ತನಕ ಬಂತು. 2022ರಲ್ಲಿ ಬಂದ ಎಎಂ5ಕ್ಕೆ ಹೊಸ ತಲೆಮಾರಿನ ಡಿಡಿಆರ್5 ರ‍್ಯಾಮ್ ಮಾತ್ರ ಕೂರುತ್ತದೆ. ನಾಳೆ ಪ್ರೊಸೆಸರ್ ಬದಲಿಸುವ ಆಸೆ ಇದ್ದರೆ ಎಎಂ5, ಈಗಿನ ದುಡ್ಡಿಗೆ ಕೆಲಸ ಆಗಬೇಕು ಅಂದರೆ ಎಎಂ4 ಇನ್ನೂ ಸತ್ತಿಲ್ಲ. ಇಂಟೆಲ್‌ನ 13, 14ನೇ ತಲೆಮಾರಿನ ದೊಡ್ಡ ಚಿಪ್ಪುಗಳನ್ನು ಸೆಕೆಂಡ್‌ಹ್ಯಾಂಡ್ ತೆಗೆದುಕೊಳ್ಳುವವರು ಮಾತ್ರ ಹುಷಾರು. ಅವು ವೋಲ್ಟೇಜ್ ಜಾಸ್ತಿ ಕೇಳಿ ಕ್ರಮೇಣ ಹಾಳಾಗುತ್ತಿದ್ದವು, 2024ರಲ್ಲಿ ಇಂಟೆಲ್ ಅದಕ್ಕೆ ಮೈಕ್ರೋಕೋಡ್, ಅಂದರೆ ಚಿಪ್ಪಿನೊಳಗಿನ ಸೂಚನೆಗಳ, ತಿದ್ದುಪಡಿ ಬಿಟ್ಟು ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ತಿದ್ದುಪಡಿ ಮುಂದಿನ ಹಾನಿ ತಡೆಯುತ್ತದೆ, ಆಗಿ ಹೋದ ಹಾನಿ ವಾಪಸ್ ಬರುವುದಿಲ್ಲ. ಹಿಂದಿನ ಮಾಲೀಕ ಆ ತಿದ್ದುಪಡಿ ತರುವ ಬಯೋಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿದ್ದನೋ ಇಲ್ಲವೋ ನಿಮಗೆ ಹೇಗೆ ಗೊತ್ತಾಗಬೇಕು?

ಕಾರ್ಡಿಗೆ ಬರೋಣ. ಹೊಲಿಯುವವನ ಪಕ್ಕದ ಮೇಜು ಅಂದರೆ ಕಾರ್ಡಿನ ಮೆಮೊರಿ. ಬಟ್ಟೆ ಮೇಜಿನ ಮೇಲೆ ಹಿಡಿಸಿದರೆ ಕೆಲಸ ಓಡುತ್ತದೆ, ಹಿಡಿಸದಿದ್ದರೆ ಪ್ರತಿ ಪೀಸಿಗೂ ಗೋಡೌನಿಗೆ ಎದ್ದು ಹೋಗಬೇಕು. ಆಗಲೇ ಆಟ ಜರ್ಕ್ ಹೊಡೆಯುವುದು. ಈಗಿನ ಭಾರೀ ಆಟಗಳು ಸೆಟ್ಟಿಂಗ್ ಏರಿಸಿದರೆ 1080ಪಿಯಲ್ಲೇ 8 ಜಿಬಿ ತುಂಬಿಸುತ್ತವೆ. ಇಲ್ಲಿ ಕಂಪನಿಗಳದ್ದೇ ಒಂದು ಚಾಲಾಕಿತನ ಇದೆ. ಆರ್‌ಟಿಎಕ್ಸ್ 5060 ಟಿಐ ಅಂತ ಒಂದೇ ಹೆಸರು, 8 ಜಿಬಿಯದೂ ಇದೆ, 16 ಜಿಬಿಯದೂ ಇದೆ. ಆರ್‌ಎಕ್ಸ್ 9060 ಎಕ್ಸ್‌ಟಿಯದೂ ಅದೇ ಕಥೆ. ಅಂಗಡಿಯಲ್ಲಿ ಹೆಸರು ಹೇಳಿ ಬೆಲೆ ಕೇಳಿದರೆ ಸಾಲದು, ಎಷ್ಟು ಜಿಬಿಯದು ಅಂತ ಬಿಲ್ಲಿನಲ್ಲಿ ಬರೆಸಿ. ಶೂಟಿಂಗ್ ಆಟ ಮಾತ್ರ ಆಡುವವರಿಗೆ 8 ಜಿಬಿ ಧಾರಾಳ ಆಯಿತು, ಅವರು ಸುಮ್ಮನೆ ದುಡ್ಡು ಸುರಿಯಬೇಕಿಲ್ಲ.

ಸೆಕೆಂಡ್‌ಹ್ಯಾಂಡ್ ಕಾರ್ಡ್ ಕೊಳ್ಳಬಹುದಾ ಅಂತ ಪ್ರತಿ ಸಲ ಕೇಳುತ್ತಾರೆ. "ಮೈನಿಂಗ್ ಕಾರ್ಡ್ ಐತಿ ಅಣ್ಣಾ, ತಗೋಬಹುದಾ" ಅಂತ ಒಬ್ಬ ಫೋನ್ ಮಾಡಿದ್ದಾಗ ಪಕ್ಕದಲ್ಲಿದ್ದ ನಮ್ಮ ಮಾವ, "ಅದಕ್ಕೂ ಪರ್ಮಿಟ್ ಬೇಕಾಗ್ತದೇನೋ" ಅಂದರು. ಬಳ್ಳಾರಿಯಲ್ಲಿ ಮೈನಿಂಗ್ ಅಂದರೆ ಬೇರೆ ಏನು ಅರ್ಥ ಬರುತ್ತದೆ ಹೇಳಿ! ಇದು ಎಥೀರಿಯಂ ಅನ್ನುವ ನಾಣ್ಯಕ್ಕಾಗಿ ಕಾರ್ಡುಗಳನ್ನು ಹಗಲು ರಾತ್ರಿ ಓಡಿಸುತ್ತಿದ್ದ ಮೈನಿಂಗ್. 2022ರ ಸೆಪ್ಟೆಂಬರಿನಲ್ಲಿ ಎಥೀರಿಯಂ ಆ ಪದ್ಧತಿಯನ್ನೇ ಕೈಬಿಟ್ಟಿತು, ಓಡಿ ಸುಸ್ತಾದ ಕಾರ್ಡುಗಳು ಪೇಟೆಗೆ ಬಂದವು. ನಮ್ಮಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಟಿಪ್ಪರುಗಳು ಸಾಲಾಗಿ ಮಾರಾಟಕ್ಕೆ ನಿಂತಿರಲಿಲ್ಲವಾ, ಹಾಗೆ. ಆಗ ಟಿಪ್ಪರ್ ಕೊಂಡವರಲ್ಲಿ ಜಾಣರು ಏನು ಮಾಡಿದರು? ಹೊಸ ಬಣ್ಣ ನೋಡಲಿಲ್ಲ, ಎಂಜಿನ್ ಸ್ಟಾರ್ಟ್ ಮಾಡಿಸಿ ಲೋಡು ಹೇರಿ ಓಡಿಸಿ ನೋಡಿದರು. ಕಾರ್ಡೂ ಅಷ್ಟೇ. ಚಿಪ್ಪು ಸಾಮಾನ್ಯವಾಗಿ ತಡೆದುಕೊಂಡಿರುತ್ತದೆ, ಸವೆಯುವುದು ಫ್ಯಾನು, ಒಣಗುವುದು ಚಿಪ್ಪಿನ ಬಿಸಿ ದಾಟಿಸುವ ಪೇಸ್ಟು ಮತ್ತು ಮೆಮೊರಿ ಮೇಲಿನ ಪ್ಯಾಡು. ಎದುರಿಗೆ ಅರ್ಧ ಗಂಟೆ ಆಟ ಆಡಿಸಿ, ಬಿಸಿ ಎಷ್ಟೇರುತ್ತದೆ ಅಂತ ನೋಡಿ. ಆಡಿಸಿ ತೋರಿಸುವುದಿಲ್ಲ ಅಂದವನ ಹತ್ತಿರ ಕೊಳ್ಳಬೇಡಿ.

ಇನ್ನು ನಾನು ನಿಜವಾಗಿ ಹೇಳಬೇಕು ಅಂತ ಬಂದ ಭಾಗ, ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ಹದ ಮಾಡಿ ಹಂಚುವ ಪೆಟ್ಟಿಗೆ. ಎಸ್‌ಎಂಪಿಎಸ್.

ಕೌಲ್ ಬಜಾರಿನಿಂದ ಒಬ್ಬ ಹುಡುಗ ಬರುತ್ತಿದ್ದ. ಒಳ್ಳೆಯ ಮಷೀನು. ರೈಜನ್ 5600, ಆರ್‌ಎಕ್ಸ್ 6600 ಕಾರ್ಡು. ಡೆಸ್ಕ್‌ಟಾಪ್ ಮೇಲೆ ಗಂಟೆಗಟ್ಟಲೆ ಇಟ್ಟರೂ ಏನೂ ಆಗುವುದಿಲ್ಲ. ಆಟ ಶುರುವಾಗಿ ಐದು ನಿಮಿಷಕ್ಕೆ ಟಪ್ ಅಂತ ಆಫ್. ನಾಲ್ಕು ಸಲ ವಿಂಡೋಸ್ ಹಾಕಿದ್ದಾನೆ. ರ‍್ಯಾಮ್ ಬದಲಿಸಿದ್ದಾನೆ. ಕಾರ್ಡ್ ಕೆಟ್ಟಿದೆ ಅಂತ ಒಬ್ಬರು ಹೇಳಿ ಅದನ್ನು ವಾರಂಟಿಗೆ ಕಳಿಸಿ, ಅಲ್ಲಿಂದ ಏನೂ ತೊಂದರೆ ಇಲ್ಲ ಅಂತ ವಾಪಸ್ ಬಂದಿದೆ. ಅವನ ಅಮ್ಮ ಮಷೀನಿಗೆ ನಿಂಬೆಹಣ್ಣು ಕೂಡ ಇಳಿಸಿದ್ದರಂತೆ. ನಾನು ಮಾಡಿದ್ದು ಇಷ್ಟೇ, ಕ್ಯಾಬಿನೆಟ್ ಬಗ್ಗಿಸಿ ಎಸ್‌ಎಂಪಿಎಸ್ ಮೇಲಿನ ಚೀಟಿ ಓದಿದೆ. ಕ್ಯಾಬಿನೆಟ್ ಜೊತೆ ಫ್ರೀ ಬಂದದ್ದು. ದೊಡ್ಡ ಅಕ್ಷರದಲ್ಲಿ 450 ವ್ಯಾಟ್ ಅಂತ ಇತ್ತು. ಕೆಳಗೆ ಸಣ್ಣ ಚೌಕದಲ್ಲಿ 12 ವೋಲ್ಟ್ ಅನ್ನುವ ಕಡೆ 14 ಆಂಪಿಯರ್ ಅಂತ ಇತ್ತು.

ಇದನ್ನು ಎಲ್ಲರೂ ಬರೆದುಕೊಳ್ಳಿ. ಪ್ರೊಸೆಸರೂ ಕಾರ್ಡೂ ಉಣ್ಣುವುದು 12 ವೋಲ್ಟಿನ ತಟ್ಟೆಯಿಂದಲೇ. 12ನ್ನು 14ರಿಂದ ಗುಣಿಸಿ. 168 ವ್ಯಾಟ್. ಆ ಕಾರ್ಡಿಗೊಂದಕ್ಕೇ 132 ವ್ಯಾಟ್ ಬೇಕು, ಪ್ರೊಸೆಸರ್ ಪೂರ್ತಿ ದುಡಿಯುವಾಗ ಎಪ್ಪತ್ತರ ಮೇಲೆ ಕೇಳುತ್ತದೆ. ಕೂಡಿದರೆ 200 ದಾಟಿತು. ಮಿಕ್ಕ ವ್ಯಾಟ್ ಎಲ್ಲಿ ಹೋಯಿತು ಅಂದರೆ 5 ವೋಲ್ಟು, 3.3 ವೋಲ್ಟು ಅಂತ, ಈಗಿನ ಮಷೀನು ಹೆಚ್ಚು ಬಳಸದ ಕಡೆ ಚೀಟಿಯಲ್ಲಿ ತುಂಬಿಸಿ ಬರೆದಿದ್ದರು. ಅದೂ ನಿಜವಾಗಿ ಕೊಡುತ್ತಿತ್ತೋ ಇಲ್ಲವೋ, ಚೀಟಿ ಬರೆದವನಿಗೇ ಗೊತ್ತು. ಒಳ್ಳೆಯ 550 ವ್ಯಾಟಿನ ಎಸ್‌ಎಂಪಿಎಸ್‌ನಲ್ಲಿ ಹೆಚ್ಚುಕಡಿಮೆ ಪೂರ್ತಿ ಶಕ್ತಿ 12 ವೋಲ್ಟಿನಲ್ಲೇ ಸಿಗುತ್ತದೆ. ಹೊಸದು ಹಾಕಿದೆವು, ಆ ಹುಡುಗ ಮತ್ತೆ ಬರಲಿಲ್ಲ. ನನ್ನ ವ್ಯಾಪಾರಕ್ಕೆ ನಷ್ಟವೇ ಆಯಿತು ಅನ್ನಿ.

80 ಪ್ಲಸ್ ಬ್ರಾಂಜ್, ಗೋಲ್ಡ್ ಅಂತ ಇರುತ್ತದಲ್ಲ, ಅದನ್ನು ಗುಣಮಟ್ಟದ ಮುದ್ರೆ ಅಂದುಕೊಂಡವರು ಬಹಳ. ಅದು ಹೇಳುವುದು ಒಂದೇ ಮಾತು: ಗೋಡೆಯಿಂದ ತೆಗೆದುಕೊಂಡದ್ದರಲ್ಲಿ ಎಷ್ಟು ಪಾಲು ಒಳಗೆ ಮುಟ್ಟಿಸುತ್ತದೆ ಅಂತ. ಬ್ರಾಂಜ್ ಅಂದರೆ ಅರ್ಧ ಲೋಡಿನಲ್ಲಿ ಸುಮಾರು 85 ಪರ್ಸೆಂಟ್. ಸೋರಿಕೆ ಕಡಿಮೆ ಅಂತ ಅರ್ಥ, ಅಷ್ಟೇ. ವೋಲ್ಟೇಜ್ ಜಿಗಿದಾಗ, ಶಾರ್ಟ್ ಆದಾಗ ತಾನು ಆಫ್ ಆಗಿ ಉಳಿದವರನ್ನು ಉಳಿಸುತ್ತದೆಯೋ ಅನ್ನುವುದನ್ನು ಆ ಮುದ್ರೆ ಹೇಳುವುದಿಲ್ಲ. ಅದಕ್ಕೆ ಬಿಚ್ಚಿ ಪರೀಕ್ಷೆ ಮಾಡಿದವರ ವಿಮರ್ಶೆ ಓದಬೇಕು, ಐದು ವರ್ಷವಾದರೂ ವಾರಂಟಿ ಇದೆಯೋ ನೋಡಬೇಕು. ಒಂದು ಎಚ್ಚರಿಕೆ: ಕೇಬಲ್ ಬಿಚ್ಚಿ ಹಾಕುವ ಮಾದರಿಯ ಎಸ್‌ಎಂಪಿಎಸ್ ಇದ್ದರೆ ಹಳೆಯದರ ಕೇಬಲ್ ಹೊಸದಕ್ಕೆ ಹಾಕಬೇಡಿ. ಪಿನ್ನು ಕೂರುತ್ತದೆ, ಆದರೆ ಒಳಗಿನ ತಂತಿಯ ಕ್ರಮ ಬೇರೆ ಇರಬಹುದು. ಹಾಗೆ ಹಾಕಿ ಎರಡು ಎಸ್‌ಎಸ್‌ಡಿ, ಅಂದರೆ ಫೈಲು, ಆಟ ಎಲ್ಲ ಉಳಿಯುವ ಡ್ರೈವ್, ಸುಟ್ಟುಕೊಂಡವರನ್ನು ನಾನು ಕಂಡಿದ್ದೇನೆ. ಸತ್ಯ ಹೇಳಬೇಕು ಅಂದರೆ ಅದರಲ್ಲಿ ಒಂದನ್ನು ಸುಟ್ಟವನು ನಾನೇ.

ಎಸ್‌ಎಂಪಿಎಸ್ ಆಯಿತು, ಅದರ ಹಿಂದಿನ ಗೋಡೆಗೆ ಬನ್ನಿ. ಕುಡತಿನಿಯಲ್ಲಿ 1700 ಮೆಗಾವ್ಯಾಟಿನ ಸ್ಥಾವರ ಇದೆ, ದೀಪದ ಬುಡದಲ್ಲಿ ಕತ್ತಲೆ ಅನ್ನುವ ಹಾಗೆ ನಮ್ಮ ಮನೆಯ ಕರೆಂಟು ಮಾತ್ರ ಮಳೆ ಮೋಡ ನೋಡಿದರೆ ಹೋಗುತ್ತದೆ. ಯುಪಿಎಸ್ ಬೇಕಾ? ಬೇಕು. ಆದರೆ 600 ವಿಎ ಅಂತ ಬರೆದದ್ದನ್ನು 600 ವ್ಯಾಟ್ ಅಂದುಕೊಳ್ಳಬೇಡಿ. ಹಿಂದೆ ತಿರುಗಿಸಿ ನೋಡಿ, ಸಾಮಾನ್ಯವಾಗಿ 360 ವ್ಯಾಟ್ ಅಂತ ಇರುತ್ತದೆ. ಆಟದ ಮಧ್ಯೆ ಕರೆಂಟ್ ಹೋದಾಗ ಮಷೀನು, ಮಾನಿಟರ್ ಸೇರಿ 360 ದಾಟಿದ್ದರೆ ಅದು ಕಿರುಚಿ ಕೈಬಿಡುತ್ತದೆ. 1000 ವಿಎ ಇದ್ದರೆ ಸೇವ್ ಮಾಡಿ ಆಫ್ ಮಾಡುವಷ್ಟು ಸಮಯ ಸಿಗುತ್ತದೆ, ಯುಪಿಎಸ್ ಇರುವುದು ಅದಕ್ಕೇ ಹೊರತು ಮ್ಯಾಚ್ ಮುಗಿಸುವುದಕ್ಕಲ್ಲ. ಮನೆಗೆ ಇನ್‌ವರ್ಟರ್ ಇದ್ದರೆ ಅದರ ಹಿಂದೆ ಅಥವಾ ಪಕ್ಕದಲ್ಲಿ ಯುಪಿಎಸ್ ಮೋಡ್ ಅನ್ನುವ ಸ್ವಿಚ್ ಇದೆಯಾ ನೋಡಿ. ಸಾದಾ ಮೋಡಿನಲ್ಲಿ ಬ್ಯಾಟರಿಗೆ ಹೊರಳಲು ಅದು ತೆಗೆದುಕೊಳ್ಳುವ ಕ್ಷಣದಲ್ಲೇ ಪಿಸಿ ರೀಸ್ಟಾರ್ಟ್ ಆಗುತ್ತದೆ. ಫ್ಯಾನಿಗೆ ಅದು ಗೊತ್ತೂ ಆಗುವುದಿಲ್ಲ. ಕರೆಂಟಿನ ಅಲೆಯನ್ನು ಚೌಕಾಕಾರದಲ್ಲಿ ಕೊಡುವ ಹಳೆಯ ಸ್ಕ್ವೇರ್ ವೇವ್ ಇನ್‌ವರ್ಟರಿನ ಜೊತೆ ಈಗಿನ ಕೆಲವು ಎಸ್‌ಎಂಪಿಎಸ್‌ಗಳು ಹೊಂದಿಕೊಳ್ಳುವುದಿಲ್ಲ, ಗೋಡೆಯ ಕರೆಂಟಿನ ಹಾಗೆ ನುಣುಪು ಅಲೆಯ ಸೈನ್ ವೇವ್ ಇದ್ದರೆ ನೆಮ್ಮದಿ.

ಕ್ಯಾಬಿನೆಟ್ ಮುಟ್ಟಿದರೆ ಕೈ ಜುಮ್ ಅನ್ನುವವರು ಎಷ್ಟು ಜನ ಇದ್ದೀರಿ, ಕೈ ಎತ್ತಿ. ಅರ್ಧ ಸಭೆ ಎತ್ತಿದೆ. ಮಷೀನು ಕೆಟ್ಟಿಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಒಂದು ಸಣ್ಣ ಸೋರಿಕೆಯನ್ನು ಅರ್ಥ್ ತಂತಿಗೆ ಬಿಡುವ ಹಾಗೆಯೇ ಮಾಡಿರುತ್ತಾರೆ. ನಿಮ್ಮ ಪ್ಲಗ್ಗಿನ ಮೂರನೇ ತೂತಿಗೆ ತಂತಿಯೇ ಇಲ್ಲದಿದ್ದರೆ ಆ ಕರೆಂಟು ಡಬ್ಬಿಯ ಮೈಮೇಲೆ ಕೂತು ನಿಮ್ಮ ಕೈಗಾಗಿ ಕಾಯುತ್ತದೆ. ಅದೇ ಯುಎಸ್‌ಬಿ ಮೂಲಕ, ಹೆಡ್‌ಫೋನ್ ಮೂಲಕ ದಾರಿ ಹುಡುಕುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ. ಅರ್ಥಿಂಗ್ ಗುಂಡಿ ಇದ್ದವರು, ಇದ್ದಿಲು ಉಪ್ಪು ಹಾಕಿ ಮುಚ್ಚಿದ ಗುಂಡಿಗೆ ಬೇಸಿಗೆಯಲ್ಲಿ ಆಗಾಗ ಒಂದು ಕೊಡ ನೀರು ಹಾಕಿ. ನಮ್ಮ ನೆಲ ಮಾರ್ಚ್ ಹೊತ್ತಿಗೇ ಒಣಗಿ ಕಲ್ಲಾಗಿರುತ್ತದೆ, ಒಣ ನೆಲ ಕರೆಂಟನ್ನು ಹೀರುವುದಿಲ್ಲ. ಇಡೀ ಪಿಸಿ ಪಟ್ಟಿಯಲ್ಲಿ ಅತಿ ಅಗ್ಗದ ಭಾಗ ಅಂದರೆ ಆ ಒಂದು ಕೊಡ ನೀರು.

ಬಿಸಿಲಿಗೆ ಬರೋಣ. ಬಿಸಿ ಹೀರುವ ಲೋಹದ ಹೀಟ್‌ಸಿಂಕು, ಫ್ಯಾನು, ಕೊಳವೆಯಲ್ಲಿ ನೀರು ಓಡುವ ದೊಡ್ಡ ಕೂಲರು, ಯಾವುದೇ ಆಗಲಿ, ರೂಮಿನ ಗಾಳಿಗಿಂತ ತಂಪು ಮಾಡಲು ಅವಕ್ಕೆ ಸಾಧ್ಯವಿಲ್ಲ. ಅವು ಬಿಸಿಯನ್ನು ಗಾಳಿಗೆ ದಾಟಿಸುತ್ತವೆ, ಅಷ್ಟೇ. ರೂಮಿಗಿಂತ 45 ಡಿಗ್ರಿ ಮೇಲೆ ಓಡುವ ಪ್ರೊಸೆಸರ್, 22 ಡಿಗ್ರಿ ರೂಮಿನಲ್ಲಿ 67ಕ್ಕೆ ನಿಲ್ಲುತ್ತದೆ. ಅದೇ ಪ್ರೊಸೆಸರ್, ಅದೇ ಕೂಲರ್, 42 ಡಿಗ್ರಿ ರೂಮಿನಲ್ಲಿ 87. ಇನ್ನೊಂದು ಸ್ವಲ್ಪ ಏರಿದರೆ ತನ್ನ ಜೀವ ಉಳಿಸಿಕೊಳ್ಳಲು ಅದೇ ವೇಗ ಇಳಿಸುತ್ತದೆ. ಜನವರಿಯಲ್ಲಿ ಕೊಂಡು ಚೆನ್ನಾಗಿ ಓಡಿದ ಮಷೀನು ಏಪ್ರಿಲಿನಲ್ಲಿ "ಸ್ಲೋ ಆಗೈತಿ" ಅಂತ ಬರುವುದಕ್ಕೆ ಇದೇ ಕಾರಣ. ಜೊತೆಗೆ, ಮಷೀನು ಎಳೆದ 350 ವ್ಯಾಟೂ ಕೊನೆಗೆ ಬಿಸಿಯಾಗಿ ನಿಮ್ಮ ರೂಮಿಗೇ ಬರುತ್ತದೆ. ಬಾಗಿಲು ಹಾಕಿಕೊಂಡು ಆಡುವವರು ಒಂದು ಸಣ್ಣ ಹೀಟರ್ ಪಕ್ಕದಲ್ಲಿಟ್ಟುಕೊಂಡು ಕೂತ ಹಾಗೆ.

ಅದಕ್ಕೆ ಕ್ಯಾಬಿನೆಟ್ಟಿನ ಮುಂದೆ ಗಾಜು ಬೇಡ, ಜಾಳಿಗೆ ಇರಲಿ. ಮುಂದೆ ಎರಡು ಫ್ಯಾನು ಒಳಕ್ಕೆ ಎಳೆಯಲಿ, ಹಿಂದೆ ಒಂದು ಹೊರಕ್ಕೆ ತಳ್ಳಲಿ. ಒಳಗೆ ಬರುವ ಗಾಳಿ ಹೊರಗೆ ಹೋಗುವುದಕ್ಕಿಂತ ಹೆಚ್ಚಿದ್ದರೆ ಸಂದಿಗೊಂದಿಗಳಿಂದ ಗಾಳಿ ಹೊರಕ್ಕೇ ಬರುತ್ತದೆ, ಧೂಳು ಜಾಳಿಗೆಯ ಮುಂದೆ ಮಾತ್ರ ಕೂರುತ್ತದೆ. ಅಲ್ಲಿ ಕೂತರೆ ಒರೆಸುವುದು ಸುಲಭ. ಜೀನ್ಸ್ ಹೊಲಿಯುವ ಮನೆಯವರು ವಾರಕ್ಕೊಮ್ಮೆ ಒರೆಸಿ, ಆ ನೀಲಿ ಅರಳೆ ಕೆಂಪು ಧೂಳಿಗಿಂತ ಹಠಮಾರಿ, ಹೀಟ್‌ಸಿಂಕಿನ ಸಂದಿಯಲ್ಲಿ ಕಂಬಳಿ ನೇಯ್ದುಬಿಡುತ್ತದೆ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿಯಿರಿ, ಗಿರಗಿಟ್ಟಲೆಯ ಹಾಗೆ ತಿರುಗಲು ಬಿಟ್ಟರೆ ಬೇರಿಂಗ್ ಹೋಗುತ್ತದೆ. ನೀರಿನ ಏರ್ ಕೂಲರನ್ನು ನೇರ ಕ್ಯಾಬಿನೆಟ್ ಮುಖಕ್ಕೆ ತಿರುಗಿಸಬೇಡಿ, ಹನಿ ಒಳಗೆ ಹೋಗುತ್ತದೆ. ನೀವು ಆ ಕೂಲರಿನ ಮುಂದೆ ಕೂರಿ, ಮಷೀನು ಪಕ್ಕದಲ್ಲಿರಲಿ. ಬೇಸಿಗೆಯ ಮೂರು ತಿಂಗಳು ಕಾರ್ಡಿನ ಪವರ್ ಲಿಮಿಟನ್ನು 80 ಪರ್ಸೆಂಟಿಗೆ ಇಳಿಸಿ ಆಡಿ ನೋಡಿ. ಫ್ರೇಮು, ಅಂದರೆ ಸೆಕೆಂಡಿಗೆ ಬರುವ ಚಿತ್ರ, ಕಡಿಮೆಯಾಗುವುದು ಅಲ್ಪ, ಬಿಸಿ ಮತ್ತು ಸದ್ದು ಕಡಿಮೆಯಾಗುವುದು ಕಿವಿಗೇ ಗೊತ್ತಾಗುತ್ತದೆ.

ರ‍್ಯಾಮ್, ಎಸ್‌ಎಸ್‌ಡಿ ಬೇಗ ಮುಗಿಸುತ್ತೇನೆ. 16 ಜಿಬಿಯ ಒಂದು ಕಡ್ಡಿಗಿಂತ 8ರ ಎರಡು ಕಡ್ಡಿ ಮೇಲು, ಎರಡು ಬಾಗಿಲಿನಿಂದ ಮಾಲು ಬಂದ ಹಾಗೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಏರಿ ಕೂತಿದೆ, ಎಐ ಡೇಟಾ ಸೆಂಟರುಗಳು ಎಲ್ಲವನ್ನೂ ಬಾಚಿಕೊಳ್ಳುತ್ತಿವೆ. ಹಳೆಯ ಮಷೀನಿನ ಡಿಡಿಆರ್4 ಕಡ್ಡಿಗಳಿದ್ದರೆ ಎಸೆಯಬೇಡಿ, ಅದಕ್ಕೆ ಹೊಂದುವ ಬೋರ್ಡ್ ಹುಡುಕುವುದೇ ಈಗ ಜಾಣತನ. ಎಸ್‌ಎಸ್‌ಡಿಯಲ್ಲಿ ಸಾಟಾ ಮಾದರಿ ಸೆಕೆಂಡಿಗೆ 550 ಎಂಬಿ, ಎನ್‌ವಿಎಂಇ ಜೆನ್3 ಸುಮಾರು 3500, ಜೆನ್4 7000 ತನಕ. ಅಂಕಿ ದೊಡ್ಡದು, ಆಟ ತೆರೆಯುವ ಹೊತ್ತಿನಲ್ಲಿ ಕೊನೆಯ ಎರಡಕ್ಕೆ ವ್ಯತ್ಯಾಸ ಸಣ್ಣದು. ಆ ದುಡ್ಡನ್ನು ಜಾಗಕ್ಕೆ ಹಾಕಿ, 1 ಟಿಬಿ ಬೇಗ ತುಂಬುತ್ತದೆ.

ಹಿಂದಿನ ಸಾಲಿನಲ್ಲಿ ಅಮ್ಮಂದಿರು ಕೂತಿದ್ದೀರಿ, ನಿಮ್ಮ ಪ್ರಶ್ನೆ ಬರುವ ಮುಂಚೆ ಹೇಳಿಬಿಡುತ್ತೇನೆ. 350 ವ್ಯಾಟಿನ ಮಷೀನು ದಿನಕ್ಕೆ ನಾಲ್ಕು ಗಂಟೆ ಆಡಿದರೆ 1.4 ಯೂನಿಟ್, ತಿಂಗಳಿಗೆ 42 ಯೂನಿಟ್. ಗೃಹಜ್ಯೋತಿಯಲ್ಲಿ ನಿಮ್ಮ ಹಳೆಯ ಸರಾಸರಿಯ ಮೇಲೆ ಸ್ವಲ್ಪ ಹೆಚ್ಚುವರಿ ತನಕ ಮಾತ್ರ ಉಚಿತ. ಅದನ್ನು ದಾಟಿದ ಯೂನಿಟ್ಟಿಗೆ ದುಡ್ಡು, ತಿಂಗಳಿಗೆ 200 ದಾಟಿದರೆ ಇಡೀ ಬಿಲ್ಲು ನಿಮ್ಮದೇ. ಮನೆಯಲ್ಲಿ ಈಗಾಗಲೇ 160, 170 ಬರುತ್ತಿದ್ದರೆ ಆ 42 ಎಲ್ಲಿಗೆ ಒಯ್ಯುತ್ತದೆ ಅಂತ ಲೆಕ್ಕ ಹಾಕಿಕೊಳ್ಳಿ. ಜೆಸ್ಕಾಂ ಬಿಲ್ ಬಂದ ದಿನ ಮಗನನ್ನು ಬೈಯುವುದಕ್ಕಿಂತ ಕೊಳ್ಳುವ ದಿನವೇ ಗಂಟೆ ಮಾತಾಡಿಕೊಳ್ಳುವುದು ಒಳ್ಳೆಯದು. ಕಾರ್ಡಿನ ಪವರ್ ಇಳಿಸಿದ್ದು ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ.

ಮಷೀನು ಕಟ್ಟಿದ ಮೊದಲ ದಿನ ಮೂರು ಕೆಲಸ ಮಾಡಿ. ಬಯೋಸ್ ಒಳಗೆ ಹೋಗಿ ರ‍್ಯಾಮಿನ ವೇಗದ ಸೆಟ್ಟಿಂಗ್ ಎಕ್ಸ್‌ಎಂಪಿ ಚಾಲೂ ಮಾಡಿ, ಎಎಂಡಿಯ ಡಿಡಿಆರ್5 ಬೋರ್ಡಿನಲ್ಲಿ ಎಕ್ಸ್‌ಪೋ ಅಂತ ಇರಬಹುದು. ಮಾಡದಿದ್ದರೆ ನೀವು ದುಡ್ಡು ಕೊಟ್ಟ ವೇಗದಲ್ಲಿ ಅದು ಓಡುವುದಿಲ್ಲ. ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ರಿಫ್ರೆಶ್ ರೇಟ್ 144ಕ್ಕೆ ಬದಲಿಸಿ, ಬಹಳ ಸಲ ಅದು 60ಕ್ಕೇ ಕೂತಿರುತ್ತದೆ. ಮೂರನೆಯದು ಮಾನಿಟರ್ ಕೇಬಲ್. ಸಿರುಗುಪ್ಪದಿಂದ ಒಬ್ಬ ಹುಡುಗ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಅಳುವುದೊಂದು ಬಾಕಿ. ಹೊಸ ಕಾರ್ಡು, ಹೊಸ ಪ್ರೊಸೆಸರು, ಆಟದಲ್ಲಿ 20 ಫ್ರೇಮೂ ಬರುತ್ತಿಲ್ಲ. ಕಾರ್ಡ್ ಡುಪ್ಲಿಕೇಟ್ ಕೊಟ್ಟಿದ್ದೀರಿ ಅಂತ ನನ್ನ ಮೇಲೇ ಸಿಟ್ಟು. ಡಬ್ಬಿಯ ಹಿಂದಿನ ಫೋಟೋ ಕಳಿಸು ಅಂದೆ. ಎಚ್‌ಡಿಎಂಐ ಕೇಬಲ್ ಮೇಲೆ ಮದರ್‌ಬೋರ್ಡಿಗೆ ಚುಚ್ಚಿತ್ತು, ಚಿತ್ರ ಬರುತ್ತಿದ್ದದ್ದು ಪ್ರೊಸೆಸರಿನೊಳಗಿನ ಸಣ್ಣ ಗ್ರಾಫಿಕ್ಸಿನಿಂದ, ಕೆಳಗಿನ ಕಾರ್ಡಿನ ತೂತುಗಳಲ್ಲಿ ಕಂಪನಿಯವರು ಹಾಕಿದ್ದ ಪ್ಲಾಸ್ಟಿಕ್ ಮುಚ್ಚಳಗಳು ಹಾಗೇ ಇದ್ದವು. "ತಮ್ಮಾ, ಕೆಳಗ ಹಚ್ಚು" ಅಂದೆ. ಎರಡು ನಿಮಿಷ ಆ ಕಡೆಯಿಂದ ಮಾತೇ ಇಲ್ಲ. ಆಮೇಲೆ, "ಸರ, ಇಡ್ತೀನ್ರಿ, ಮ್ಯಾಚ್ ಐತಿ" ಅಂತ ಫೋನ್ ಕಟ್ ಮಾಡಿದ.